ಅಧಿಕ ಮಾಸದ ಸಂಗೀತ

ಶಾವ್ ಕೆಮಿಂಗ್ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತ ನಿಂತಿದ್ದ. ಊಟ ಮುಗಿದು ಬಹಳ ಹೊತ್ತಾಗಿತ್ತು. ಹೊರಗೆ ನಮ್ಮ ಝಿಗೊಂಗ್ ಊರಿನ ಬಿಸಿಲಿಗೆ ನೆರಳುಗಳು ಕೂಡ ಗೋಡೆಗೆ ಒತ್ತಿಕೊಂಡು ಬೆವರುತ್ತಿದ್ದವು. ಅವನ ಪ್ಯಾಂಟಿನ ಜೇಬಿನಲ್ಲಿದ್ದ ಫೋನಿನೊಳಗೆ ಹನ್ನೊಂದು ನಿಮಿಷದ ಸಂಗೀತವಿತ್ತು. ಅದು ತೊಡೆಗೆ ತಗುಲಿದಾಗಲೆಲ್ಲ ಪರೀಕ್ಷೆಯ ದಿನ ಚೀಟಿ ಬಚ್ಚಿಟ್ಟುಕೊಂಡ ಹುಡುಗನ ಹಾಗೆ ಬಾಗಿಲ ಕಡೆ ನೋಡುತ್ತಿದ್ದ. ಈ ಮನುಷ್ಯ ಸಾಮಾನ್ಯನಲ್ಲ. ಚೆಂಗ್ಡುವಿನ ಸಂಗೀತ ಕಾಲೇಜಿನಲ್ಲಿ ಮೇಷ್ಟ್ರು. ಯುರೋಪಿನಲ್ಲಿ ಇವನ ಕೃತಿ ನುಡಿಸುವಾಗ ಜನ ಉಸಿರು ಬಿಗಿಹಿಡಿದು ಮುಖ ನೀಲಿಗಟ್ಟಿಸಿಕೊಳ್ಳುತ್ತಾರೆ, ಸಭಾಂಗಣದ ಹೊರಗೆ ಅಂಬುಲೆನ್ಸ್‌ಗಳು ಸಾಲುಗಟ್ಟಿ ಕಾಯುತ್ತವೆ ಎಂಬುದು ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ, ಹೇಳಿದವನು ನಾನೇ. ಅವನ ತಲೆಯೊಳಗೆ ನಡೆದದ್ದು ನನಗೆ ಹೇಗೆ ಗೊತ್ತು ಎಂದು ಕೇಳಬೇಡಿ. ಉಪ್ಪಿನ ಬಾವಿಗಳ ಊರಿನವರು ನಾವು, ಸಾವಿರ ಅಡಿ ಆಳದಲ್ಲಿರುವುದನ್ನು ಬಿದಿರಿನ ಕೊಳವೆಯಲ್ಲಿ ಮೇಲೆತ್ತಿದವರು. ಒಬ್ಬ ಮೇಷ್ಟ್ರ ತಲೆ ಅದಕ್ಕಿಂತ ಆಳವೇ?

ಅವನು ಸಂಗೀತ ಬರೆಯುವ ರೀತಿಯೇ ಬೇರೆ. ಬರೆಯುವುದಕ್ಕಿಂತ ಅಳಿಸುವುದು ಹೆಚ್ಚು. ಮೊದಲು ಇಡೀ ಹಾಳೆ ಇರುವೆ ಮುತ್ತಿದಂತೆ ಸ್ವರ ತುಂಬುತ್ತಾನೆ, ಆಮೇಲೆ ಹೋಗಿ ಪಾತ್ರೆ ತೊಳೆಯುತ್ತಾನೆ. ತೊಳೆದ ಪಾತ್ರೆ ಒಣಗುವಷ್ಟರಲ್ಲಿ ಯಾವ ಸ್ವರ ಕಿವಿಯಿಂದ ಜಾರಿಹೋಗಿರುತ್ತದೋ ಅದಕ್ಕೆ ಗೀಟು. ಮರುದಿನ ಮತ್ತೆ ಪಾತ್ರೆ, ಮತ್ತೆ ಗೀಟು. ಕೊನೆಗೆ ಎಷ್ಟು ಉಜ್ಜಿದರೂ ಹೋಗದೆ ತಳ ಹಿಡಿದದ್ದು ಮಾತ್ರ ಉಳಿಯುತ್ತದೆ, ನಡುವೆ ಮೈದಾನದಷ್ಟು ಖಾಲಿ. ಪತ್ರಿಕೆಯವರು ಕೇಳಿದರೆ ಶಾಯಿಯ ಚಿತ್ರದಲ್ಲಿ ಬಿಳಿ ಜಾಗ ಬಿಡುತ್ತಾರಲ್ಲ ಹಾಗೆ ಎನ್ನುತ್ತಾನೆ. ಪಾತ್ರೆಯ ವಿಷಯ ಎತ್ತುವುದಿಲ್ಲ. ಅವನ ಹೆಂಡತಿ ಮಾತ್ರ “ಇವರು ಸಿಂಫೊನಿ ಬರೀತಿರೋ ತಿಂಗಳು ನಮ್ಮನೆ ಬಾಣಲೇಲಿ ಮುಖ ನೋಡ್ಕೊಂಡು ತಲೆ ಬಾಚ್ಕೋಬಹುದು” ಎಂದು ಬಂದವರಿಗೆಲ್ಲ ಹೇಳುತ್ತಾಳೆ. ಈ ಹನ್ನೊಂದು ನಿಮಿಷಕ್ಕಾಗಿ ಚೆಂಗ್ಡುವಿನ ಮನೆಯ ತಟ್ಟೆಗಳ ಹೂವಿನ ಚಿತ್ತಾರ ಪೂರ್ತಿ ಅಳಿಸಿಹೋಗಿತ್ತು. ಆದರೂ ಅವನಿಗೆ ಧೈರ್ಯವಿರಲಿಲ್ಲ. ಏಕೆಂದರೆ ಈ ಸಲ ಬರೆಸಿದವರು ಯುರೋಪಿನವರಲ್ಲ. ಒಳಕೋಣೆಯಲ್ಲಿ ಕನ್ನಡಿಯ ಮುಂದೆ ನಿಂತಿದ್ದ ಅವನ ತಾಯಿ, ಎಂಬತ್ತೊಂದರ ಲಿಯಾವ್ ಅಜ್ಜಿ.

“ಆರನೇ ಪದರ ಹಾಕು, ಆರನೇದು. ಉಸಿರು ಕಟ್ಟಿದ್ರೆ ಕಟ್ಲಿ, ಇದನ್ನ ಹಾಕ್ಕೊಂಡ್ಮೇಲೆ ಉಸಿರಾಡೋ ಕೆಲ್ಸ ಎಲ್ಲಿದೆ” ಎಂದು ಅಜ್ಜಿ ಹೇಳುತ್ತಿದ್ದುದು ಅಡುಗೆಮನೆಗೆ ಕೇಳಿಸುತ್ತಿತ್ತು.

“ಕೈ ಎತ್ತೇ. ಬದುಕಿರೋವಾಗ್ಲೇ ಹೆಣಕ್ಕಿಂತ ಬಿಗಿ ಕಣೆ ನೀನು” ಎಂದಳು ಪಕ್ಕದ ಮನೆಯ ಪೆಂಗ್ ಅಜ್ಜಿ.

ಅಧಿಕ ಮಾಸ ಬಂದಿತ್ತು. ಅಧಿಕ ಮಾಸದಲ್ಲಿ ಮಕ್ಕಳು ಹೆತ್ತವರಿಗೆ ಆಯುಷ್ಯದ ಬಟ್ಟೆ ಹೊಲಿಸಿ ಕೊಡಬೇಕು. ಕೊನೆಯ ದಿನಕ್ಕೆ ಉಡುವ ಉಡುಪು ಪೆಟ್ಟಿಗೆಯಲ್ಲಿ ಸಿದ್ಧವಾಗಿದ್ದರೆ ಯಮನಿಗೆ ಅವಸರ ಕಡಿಮೆಯಾಗುತ್ತದೆ. ಕೆಮಿಂಗನ ಅಕ್ಕ ಚೊಂಗ್‌ಚಿಂಗಿನಿಂದ ಏಳು ಪದರದ ರೇಷ್ಮೆ ಉಡುಪು ಕಳಿಸಿದ್ದಳು. ಅದಕ್ಕೆ ಗುಂಡಿ ಇರುವುದಿಲ್ಲ, ಬರಿಯ ಕಟ್ಟುವ ಪಟ್ಟಿಗಳು. ಒಂದೊಂದು ಪದರ ಕಟ್ಟುವಷ್ಟರಲ್ಲಿ ಒಂದೊಂದು ರಾಜವಂಶ ಎದ್ದು ಬಿದ್ದು ಹೋಗಬಹುದು. ಬಟ್ಟೆ ಬಂದ ದಿನವೇ ಅಜ್ಜಿ ಮಗನಿಗೆ ಫೋನ್ ಮಾಡಿದ್ದಳು. “ಮಗಳು ಬಟ್ಟೆ ಕೊಟ್ಳು. ನಿನಗೆ ಬರೋದು ಸಂಗೀತ ಒಂದೇ, ನೀನು ಸಂಗೀತ ಕೊಡು. ನನ್ನ ಕೊನೇ ದಿನ ಏನು ನುಡಿಸ್ತೀಯೋ ಅದನ್ನ ನಾನು ಈಗ್ಲೇ ಕೇಳ್ಬೇಕು. ಹಾಕಿ ನೋಡ್ದೆ ಬಟ್ಟೆ ಯಾರಾದ್ರೂ ತಗೋತಾರೇನೋ?” ಅವನು ಹ್ಞೂಂ ಎಂದ ಮೇಲೆ ಕೊನೆಯಲ್ಲಿ ಸೇರಿಸಿದ್ದಳು: “ಕುವಾಂಗ್ ಮೇಸ್ತ್ರಿಗೂ ಹೇಳಿದೀನಿ. ಅವತ್ತೇ ಬಂದು ಅವನೂ ನುಡಿಸಿ ತೋರಿಸ್ತಾನೆ. ಯಾರದು ಚೆನ್ನಾಗಿದೆಯೋ ಅವರದು.”

ಕುವಾಂಗ್ ಮೇಸ್ತ್ರಿ ಎಂದರೆ ನಮ್ಮ ಕಡೆಯ ಸಾವಿನ ವಾದ್ಯದ ದೊರೆ. ಅವನ ಸುವೋನಾ ತುತ್ತೂರಿ ಕೇಳಿ ಒಮ್ಮೆ ಹೆಣವೇ ಕಿವಿ ಮುಚ್ಚಿಕೊಂಡಿತ್ತು. ನಾನು ಆ ಮೆರವಣಿಗೆಯಲ್ಲಿದ್ದೆ. ಕೆಮಿಂಗ್ ನಲ್ಲಿಯನ್ನು ನಿಲ್ಲಿಸಿದ, ಮತ್ತೆ ತಿರುಗಿಸಿದ. ಆರು ವರ್ಷದ ಹಿಂದೆ ಅಪ್ಪನನ್ನು ಒಯ್ಯುವ ದಿನ ಇದೇ ಅಂಗಳದಲ್ಲಿ ಇದೇ ಕುವಾಂಗ್ ತುತ್ತೂರಿಯನ್ನು ತುಟಿಗೆ ಇಟ್ಟಿದ್ದ, ಆಗ ಕೆಮಿಂಗನೇ ಕೈ ಅಡ್ಡ ಹಿಡಿದು, ದಯವಿಟ್ಟು ಸದ್ದು ಬೇಡ ಎಂದಿದ್ದ. ಆ ಹೊತ್ತಿಗೆ ಮೌನವೇ ಎಲ್ಲಕ್ಕಿಂತ ದೊಡ್ಡ ಗೌರವ ಎಂದು ಅವನಿಗೆ ತೋರಿತ್ತು. ಬೀದಿಯಲ್ಲಿ ಚಪ್ಪಲಿಗಳ ಸದ್ದು ಮಾತ್ರ. ಯಾರದೋ ಮನೆಯ ಕಿಟಕಿಯಿಂದ ಇಣುಕಿದವರು, ಇದ್ಯಾರನ್ನ ಒಯ್ತಿದಾರೆ, ಮುನಿಸಿಪಾಲಿಟಿಯವರ ಅನಾಥ ಹೆಣವೋ ಎಂದು ಕೇಳಿದ್ದರು. ಅಜ್ಜಿ ಅಂದಿನಿಂದ ಈ ಮಾತನ್ನು ಎತ್ತಲೇ ಇಲ್ಲ, ಊಟಕ್ಕೆ ಕೂತಾಗಲೆಲ್ಲ ಒಮ್ಮೆ ಬಿಟ್ಟು. “ಕದ್ದ ಉಪ್ಪು ಸಾಗಿಸೋ ಹಾಗೆ ಸಾಗಿಸ್ಬಿಟ್ಟೆ ನಿಮ್ಮಪ್ಪನ್ನ” ಎನ್ನುವಳು, ಮೊಲದ ಮಾಂಸದ ತುಂಡೊಂದನ್ನು ಅವನ ಬಟ್ಟಲಿಗೆ ಹಾಕುತ್ತ. ಈವತ್ತೂ ಅಂದಿದ್ದಳು. ತಾಯಿ ತನ್ನ ಸಂಗೀತವನ್ನು ಬೇಡವೆಂದರೆ ಯುರೋಪಿನ ಎಲ್ಲ ಚಪ್ಪಾಳೆಗಳೂ ಆ ಚಪ್ಪಲಿಗಳ ಸದ್ದಿನ ಲೆಕ್ಕಕ್ಕೆ ಸೇರಿಹೋಗುತ್ತವೆ ಎಂದು ಅವನಿಗೆ ಅನ್ನಿಸಿತು. ಬಾಣಲೆಯನ್ನು ಬೆಳಕಿಗೆ ಹಿಡಿದ. ಅದರಲ್ಲಿ ಐವತ್ತೆರಡು ವರ್ಷದ ಒಂದು ಮುಖ, ಸ್ವಲ್ಪ ಅಗಲವಾಗಿ, ಕಾಣಿಸಿತು.

ಕೆಳಗೆ ಹಾರ್ನ್ ಸದ್ದಾಯಿತು. “ಹೋಗೋ ಮರಿ, ಮೇಸ್ತ್ರಿಗೆ ಟೀ ಕೊಡ್ಸು. ನನ್ನ ಏಳನೇದು ಇನ್ನೂ ಕಟ್ಟಿಲ್ಲ” ಎಂದಳು ಅಜ್ಜಿ. “ಅವನದೇ ಮೊದ್ಲು ಆಗ್ಲಿ. ನಾನು ಇಲ್ಲಿಂದ್ಲೇ ಕೇಳ್ತೀನಿ. ಅವತ್ತೂ ಮಲ್ಕೊಂಡೇ ತಾನೆ ಕೇಳೋದು.”

ಮೂರು ಮಹಡಿ ಇಳಿದು ಅಂಗಳಕ್ಕೆ ಬಂದಾಗ ಕುವಾಂಗ್ ಮೇಸ್ತ್ರಿ ಮೂರು ಗಾಲಿಯ ಬ್ಯಾಟರಿ ಗಾಡಿಯಿಂದ ಜಾಗಟೆ, ನಗಾರಿ, ಕೀಬೋರ್ಡು, ಮತ್ತು ಬೀರುವಿನಷ್ಟು ದೊಡ್ಡ ಧ್ವನಿಪೆಟ್ಟಿಗೆಯೊಂದನ್ನು ಇಳಿಸುತ್ತಿದ್ದ. ಗೋಳಿಮರದ ಕೆಳಗೆ ಎಂದಿನಂತೆ ಮಾಜೋಂಗ್ ಆಟದ ಮೇಜುಗಳು.

“ಶಾವ್ ಮೇಷ್ಟ್ರೇ, ನಿಮ್ಮ ಸಂಗೀತ ಕೇಳಿದೀನಿ ನಾನು” ಎಂದ ಕುವಾಂಗ್, ಎರಡೂ ಕೈಯಲ್ಲಿ ಇವನ ಕೈ ಹಿಡಿದು. “ಫೋನಲ್ಲಿ ಹಾಕ್ದೆ. ಅರ್ಧ ಗಂಟೆ ಆದ್ಮೇಲೆ ಗೊತ್ತಾಯ್ತು, ಸದ್ದು ಬಂದ್ ಮಾಡಿಟ್ಟಿದ್ದೆ ಅಂತ. ಆಮೇಲೆ ಸದ್ದು ಕೊಟ್ಟು ಕೇಳ್ದೆ. ಅಷ್ಟೇನೂ ವ್ಯತ್ಯಾಸ ಇಲ್ಲ ಬಿಡಿ.”

ಕೆಮಿಂಗ್ ನಕ್ಕ. ಇಂಥ ಕಡೆ ನಗುವುದನ್ನು ಅವನು ವಿದೇಶದಲ್ಲಿ ಕಲಿತಿದ್ದ. ತಾನೇನಾದರೂ ಹೇಳಬೇಕು ಎಂದುಕೊಂಡು ಬಾಯಿ ತೆರೆಯುವಷ್ಟರಲ್ಲಿ ಕುವಾಂಗ್ ತುತ್ತೂರಿ ಎತ್ತಿಬಿಟ್ಟ. ಗೋಳಿಮರದ ಎಲೆಗಳು ಒಮ್ಮೆಗೇ ಮಗುಚಿಕೊಂಡವು. ಬಾಯಲ್ಲೊಂದು, ಮೂಗಿನ ಹೊಳ್ಳೆಗಳಲ್ಲಿ ಎರಡು, ಹೀಗೆ ಮೂರು ತುತ್ತೂರಿಗಳನ್ನು ಒಟ್ಟಿಗೆ ಊದಬಲ್ಲ ಆ ಮಹಾಶಯ ಮೊದಲು ಅಳು ತರಿಸುವ ರಾಗ ಹಿಡಿದು, ಅರ್ಧದಲ್ಲಿ ಯಾವುದೋ ಹಳೆಯ ಸಿನಿಮಾದ ಪ್ರೇಮಗೀತೆಗೆ ಹಾರಿ, ಅಲ್ಲಿಂದ ಮತ್ತೆ ಅಳುವಿಗೆ ಬಂದ. ಕೆಮಿಂಗನ ಹಲ್ಲುಗಳೊಳಗಿನ ಸಿಮೆಂಟು ನಡುಗಿತು. ಎಂಥ ಅನಾಗರಿಕ ಗದ್ದಲ, ಒಂದು ಎಳೆ ಖಾಲಿ ಇಲ್ಲ, ಸೂಜಿ ತೂರಿಸಲು ಜಾಗವಿಲ್ಲ ಎಂದು ಯೋಚಿಸುತ್ತಿದ್ದವನು ಕೆಳಗೆ ನೋಡಿದಾಗ ತನ್ನ ಬಲಗಾಲು ತಾಳ ಹಾಕುತ್ತಿತ್ತು. ನಿಲ್ಲಿಸಿದ. ಎಡಗಾಲು ಶುರುಮಾಡಿತು. ಕುವಾಂಗ್ ಅದನ್ನು ನೋಡಿ, ಊದುತ್ತಲೇ, ಹುಬ್ಬು ಹಾರಿಸಿದ.

ಈ ಗದ್ದಲದ ನಡುವೆ ಕೆಮಿಂಗ್ ಗೇಟಿನ ಕಡೆ ನೋಡಿರಲಿಲ್ಲ. ಕಟ್ಟಡದವರಿಗೆ ಇದು ಬರಿಯ ಪರೀಕ್ಷೆಯೆಂದು ಗೊತ್ತಿತ್ತು. ಹಿಂದಿನ ಗಲ್ಲಿಯಲ್ಲಿ, ಉಪ್ಪಿನ ಕಾರ್ಖಾನೆಯ ಹಳೆಯ ವಸತಿಯವರಿಗೆ ಯಾರು ಹೇಳಿದ್ದರು? ಅಲ್ಲಿ ತುತ್ತೂರಿ ಕೇಳಿದರೆ ಜನ ಯಾರು ಎಂದು ಕೇಳುವುದಿಲ್ಲ, ಎತ್ತ ಕಡೆಯಿಂದ ಎಂದು ನೋಡಿ ಹೊರಡುತ್ತಾರೆ. ಮೊದಲು ಬಂದವನು ಮುದುಕ ಜೊಂಗ್, ಕಾರ್ಖಾನೆಯಲ್ಲಿ ಉಪ್ಪು ತೂಗುತ್ತಿದ್ದವನು. ಅವನ ತೋಳಿನಲ್ಲಿ ಪ್ಲಾಸ್ಟಿಕ್ ಹೊದಿಕೆಯ ಹೊಸ ರಜಾಯಿ, ಸಾವಿನ ಮನೆಗೆ ಕೊಡುವಂಥದ್ದು. ನೇರವಾಗಿ ಬಂದು ಕೆಮಿಂಗನನ್ನು ರಜಾಯಿ ಸಮೇತ ತಬ್ಬಿಕೊಂಡ.

“ಯಾವಾಗ ಮಗು?”

“ಜೊಂಗ್ ಮಾಮ, ಅಮ್ಮ...” ಎಂದ ಕೆಮಿಂಗ್.

ಅಲ್ಲಿಗೆ ನಿಂತ. ಇದು ಅವನ ಹುಟ್ಟುಗುಣ. ಹೇಳಬೇಕಾದದ್ದನ್ನು ಹೇಳುವ ಮುನ್ನ ಸರಿಯಾದ ಶಬ್ದಕ್ಕಾಗಿ ನಿಲ್ಲುತ್ತಾನೆ. ಸಂಗೀತದಲ್ಲಿ ಆ ನಿಲುಗಡೆಗೆ ಬಹುಮಾನ ಬಂದಿದೆ. ಆ ಒಂದು ಗಳಿಗೆಯಲ್ಲಿ ಮುದುಕನಿಗೆ ಎಲ್ಲ ಅರ್ಥವಾಗಿಹೋಯಿತು. “ಹೇಳ್ಬೇಡ, ಹೇಳ್ಬೇಡ. ಬಾಯಿಂದ ಬರಲ್ಲ ಅದು” ಎಂದು ಜೊಂಗ್ ಬೆನ್ನು ತಟ್ಟಿದ. ಬೆನ್ನು ತಟ್ಟಿಸಿಕೊಂಡ ಮೇಲೆ, ಅಮ್ಮ ಮೇಲೆ ಬಟ್ಟೆ ಹಾಕಿಕೊಂಡು ನೋಡುತ್ತಿದ್ದಾಳೆ ಎನ್ನುವುದು ಹೇಗೆ? ಜೊಂಗ್‌ನ ಹಿಂದೆ ಕಾಗದದ ಹೂಚಕ್ರ ಹೊತ್ತ ಇಬ್ಬರು, ಅವರ ಹಿಂದೆ ಪಟಾಕಿ ಸರ ಹಿಡಿದವನು, ಅವನ ಹಿಂದೆ ಗಲ್ಲಿಗೆ ಗಲ್ಲಿಯೇ. ಕುವಾಂಗ್ ಮೇಸ್ತ್ರಿ ಜನರನ್ನು ಕಂಡು ಇಮ್ಮಡಿ ಊದಿದ. ಆಗ ಜೇಬಿನಲ್ಲಿ ಫೋನ್ ನಡುಗಿತು. ಅಮ್ಮನ ಧ್ವನಿ ಸಂದೇಶ. ಕಿವಿಗೊತ್ತಿ ಕೇಳಿದ.

“ಕಿಟಕೀಲಿ ನೋಡ್ತಿದೀನಿ. ಏನೂ ಬಾಯಿ ಬಿಡ್ಬೇಡ. ಯಾರ್ಯಾರು ಬರ್ತಾರೆ, ಏನೇನು ತರ್ತಾರೆ ನೋಡೋಣ. ಆ ಜೊಂಗ್ ತಂದಿರೋದು ಎಂಥ ರಜಾಯಿ, ಹತ್ತಿದಾ ಅಲ್ವಾ ನೋಡು.”

ಅವನು ರಜಾಯಿ ಮುಟ್ಟಿ ನೋಡಿದ. ಹತ್ತಿಯದೇ. ಯಾರೋ ಅವನ ತೋಳಿಗೆ ಕಪ್ಪು ಪಟ್ಟಿ ಪಿನ್ ಮಾಡಿದರು. ಬದುಕಿರುವ ತಾಯಿಯ ಸಾವಿಗೆ ಬಂದವರ ಮುಂದೆ ಒಬ್ಬೊಬ್ಬರಿಗೂ ತಲೆ ಬಾಗಿಸುತ್ತ ನಿಂತವನಿಗೆ ಅಪ್ಪನ ಸಲ ತಾನು ಹೀಗೆ ತಲೆ ಬಾಗಿಸಿದ್ದು ನೆನಪಾಗಲಿಲ್ಲ. ಆಗ ಬಂದವರೇ ಕಡಿಮೆ, ಸದ್ದಿಲ್ಲದ್ದರಿಂದ ಯಾರಿಗೂ ತಿಳಿದಿರಲೇ ಇಲ್ಲ. ಈಗ ನೋಡಿದರೆ ಅರ್ಧ ಚೀನಾ ಬಂದು ಅಂಗಳದಲ್ಲಿ ಕೂತಿತ್ತು. ಅವನಿಗೆ ಅಳು ಬಂತು, ನಿಜವಾದ ಅಳು. ನಾಚಿಕೆಯಾಯಿತು. ಅದನ್ನು ನೋಡಿದ ನಾಲ್ಕಾರು ಹೆಂಗಸರು ಒಟ್ಟಿಗೆ ಅತ್ತರು. ಎಲ್ಲ ಗೊತ್ತಿದ್ದ ಪೆಂಗ್ ಅಜ್ಜಿ ಕೆಳಗಿಳಿದು ಬಂದು, ಬೇರೆಲ್ಲರಿಗಿಂತ ಜೋರಾಗಿ ಅತ್ತು, ಅಳುತ್ತಲೇ ಅವನ ಪಕ್ಕೆ ತಿವಿದು, “ಕೇಳ್ತಾ ಇದಾಳೆ ಕಣೋ, ಇನ್ನೂ ಸ್ವಲ್ಪ ಬಗ್ಗು” ಎಂದಳು.

ಊದಿ ಊದಿ ಕುವಾಂಗ್‌ನ ತುಟಿ ಬದನೆಕಾಯಿಯಷ್ಟಾಗಿ, ಅವನೂ ಅವನ ಮಂದಿಯೂ ಖಾರದ ಮೊಲದ ಮಾಂಸಕ್ಕೆ ಕೂತರು. ಸದ್ದು ನಿಂತಾಗ ಜನರಿಗೆ ಬಟ್ಟೆ ಕಳಚಿದಂತಾಯಿತು. ಆಗ ಜೊಂಗ್ ಎದ್ದು, “ಮಗನೇ ಅಷ್ಟು ದೊಡ್ಡ ಸಂಗೀತಗಾರ. ತಾಯಿಗೆ ಅವನದೊಂದು ಬೇಡ್ವೇನ್ರಪ್ಪ” ಎಂದ. ಫೋನ್ ಮತ್ತೆ ನಡುಗಿತು. “ಹಾಕು” ಎಂದಷ್ಟೇ ಅಂದಳು ಅಮ್ಮ.

ಕುವಾಂಗ್‌ನ ಬೀರು ಗಾತ್ರದ ಧ್ವನಿಪೆಟ್ಟಿಗೆಗೆ ಅವನು ಫೋನ್ ಜೋಡಿಸಿದ. ಚೆಲ್ಲೋ ಎಂಬ ದೊಡ್ಡ ಪಿಟೀಲು ಒಂದು, ಬಿದಿರಿನ ಕೊಳಲು ಒಂದು, ಉಪ್ಪು ಬೇಯಿಸುವ ಹಳೆಯ ಕಬ್ಬಿಣದ ಬಾಣಲೆ ಒಂದು. ವಿದ್ಯಾರ್ಥಿಗಳು ನುಡಿಸಿದ್ದನ್ನು ಫೋನಿಗೆ ತುಂಬಿಸಿಕೊಂಡದ್ದು. ಚೆಲ್ಲೋದ ತಳದ ತಂತಿ ಒಮ್ಮೆ ಗುಂಯ್ ಎಂದಿತು. ಅಂಗಳ ಕತ್ತು ನಿಮಿರಿಸಿತು. ಆಮೇಲೆ ಏನೂ ಇಲ್ಲ. ಏನೂ ಇಲ್ಲ. ಯಾರೋ ಧ್ವನಿಪೆಟ್ಟಿಗೆಗೆ ಒಂದು ಗುದ್ದು ಕೊಟ್ಟರು. “ಕೆಟ್ಟಿಲ್ಲ, ಅದು ಹಾಗೇನೇ” ಎಂದ ಕೆಮಿಂಗ್, ಬೆವರುತ್ತ. ಇಷ್ಟು ಜನ ಸುಮ್ಮನೆ ಕೂತಿರುವುದು ನಮ್ಮ ಊರಿನ ಸ್ವಭಾವಕ್ಕೆ ಒಗ್ಗುವುದಿಲ್ಲ. ಇಲ್ಲಿ ಮೀನು ಕೂಡ ಬಾಯಿ ಮುಚ್ಚುವುದಿಲ್ಲ. ಆ ಖಾಲಿಯನ್ನು ತಡೆಯಲಾರದೆ ಒಬ್ಬ ಹೆಂಗಸು, “ಪಾಪ, ಕಾರ್ಖಾನೆ ಕ್ಯಾಂಟೀನಲ್ಲಿ ಬಡಿಸೋವಾಗ ನನಗೆ ಯಾವಾಗ್ಲೂ ಒಂದು ಸೌಟು ಜಾಸ್ತಿ ಹಾಕೋಳು” ಎಂದಳು. ಬಾಣಲೆ ಠಣ್ ಎಂದಿತು, ಅವಳ ಮಾತಿಗೆ ಮುದ್ರೆ ಒತ್ತಿದಂತೆ. ಮತ್ತೆ ಖಾಲಿ.

“ನಿನಗೆ ಹಾಕಿದ್ದು ನನ್ನ ಪಾಲಿಂದು” ಎಂದ ಮೂಲೆಯಲ್ಲಿದ್ದವನೊಬ್ಬ. “ನನಗೆ ಹಾಕೋ ಸೌಟಲ್ಲಿ ತೂತಿತ್ತು. ಮೂವತ್ತು ವರ್ಷ ಮಾಂಸ ಹುಡುಕ್ದೆ ನಾನು ಅವಳ ಸಾರಲ್ಲಿ.”

ಕೊಳಲು ಎಳೆದು ನಿಂತಿತು. ಯಾರೋ ನಕ್ಕರು, ಯಾರೋ ಅವರನ್ನು ಗದರಿದರು. ಕೆಮಿಂಗ್ ಅಲುಗಾಡದೆ ನಿಂತಿದ್ದ. ತಾನು ತಿಂಗಳುಗಟ್ಟಲೆ ತೊಳೆದು ತೊಳೆದು ಬರಿದು ಮಾಡಿದ ಜಾಗದೊಳಗೆ ಈ ಜನ ಚಪ್ಪಲಿ ಹಾಕಿಕೊಂಡೇ ನುಗ್ಗಿ ಕುರ್ಚಿ ಎಳೆದು ಕೂರುತ್ತಿದ್ದರು. ತಡೆಯಬೇಕೆನಿಸಿತು, ಕೇಳಬೇಕೆಂದೂ ಅನಿಸಿತು. ಮುಂದಿನ ಖಾಲಿ ಎಲ್ಲಕ್ಕಿಂತ ಉದ್ದದ್ದು, ಅವನು ಬಹಳ ಹೆಮ್ಮೆಪಟ್ಟುಕೊಂಡಿದ್ದಂಥದ್ದು. ಅದರೊಳಗೆ ಜೊಂಗ್ ಮೆಲ್ಲನೆ ಬಾಯಿ ತೆರೆದ.

“ಹಾಡ್ತಿದ್ಳು ಕಣ್ರಪ್ಪ. ಕಾರ್ಖಾನೆ ಧ್ವನಿವರ್ಧಕದಲ್ಲಿ, ಊಟದ ಹೊತ್ತಿಗೆ. ಎಂಥ ಕೆಟ್ಟ ಕಂಠ ಅಂತೀರಿ. ಸ್ವರ ಒಂದು ಬೀದೀಲಿ, ಇವಳು ಇನ್ನೊಂದು ಬೀದೀಲಿ. ತಡೀಲಾರದೆ ನಾನೇ ಒಂದಿನ ತಂತಿ ಕಿತ್ತುಹಾಕ್ದೆ. ಆಮೇಲೆ ಅವಳು ಹಾಡ್ಲೇ ಇಲ್ಲ.”

ಕೆಮಿಂಗನಿಗೆ ಇದು ಗೊತ್ತಿರಲಿಲ್ಲ. ಅಮ್ಮ ಹಾಡುತ್ತಿದ್ದಳು ಎಂಬ ಮಾತು ಅವನ ಕಿವಿಯಲ್ಲಿ ಇಳಿಯುತ್ತಿರುವಾಗಲೇ ಮೂರನೆಯ ಮಹಡಿಯ ಕಿಟಕಿ ದಢಾರನೆ ತೆರೆಯಿತು.

“ತಂತಿ ಕಿತ್ತವನು ನೀನೇನೋ, ಉಪ್ಪಿನ ಕಳ್ಳ. ಐವತ್ತು ವರ್ಷದಿಂದ ಇಲಿ ಕಡೀತು ಅಂದ್ಕೊಂಡಿದೀನಿ ನಾನು. ಅಲ್ಲೇ ಇರು, ಬಂದೆ.”

ಏಳು ಪದರದ ನೇರಳೆ ರೇಷ್ಮೆ, ತಲೆಗೆ ಕಸೂತಿಯ ಟೋಪಿ, ಕಾಲಿಗೆ ತಾವರೆ ಹೊಲಿದ ಪರಲೋಕದ ಮೆಟ್ಟು. ಪಟ್ಟಿಗಳನ್ನು ಬಿಚ್ಚುವ ಪುರುಸೊತ್ತಿಲ್ಲದೆ ಅಜ್ಜಿ ಹಾಗೆಯೇ ಇಳಿದು ಬಂದಳು. ಹೂಚಕ್ರಗಳು ಉರುಳಿದವು. ಪಟಾಕಿಯವನು ಹೆದರಿ ಸರಕ್ಕೆ ಬೆಂಕಿ ಹಚ್ಚಿ ಓಡಿದ. ಇಬ್ಬರು ಗೋಳಿಮರ ಹತ್ತಿದರು, ಅವರಲ್ಲೊಬ್ಬನಿಗೆ ತೊಂಬತ್ತು ವರ್ಷ. ಇಳಿಸಲು ಏಣಿ ತಂದವನು ನಾನು. ಮಾಜೋಂಗಿನ ಒಂದು ಮೇಜು ಮಾತ್ರ ಅಲುಗಲಿಲ್ಲ, ಅಲ್ಲಿ ಯಾರಿಗೋ ಗೆಲ್ಲಲು ಒಂದೇ ಬಿಲ್ಲೆ ಬಾಕಿಯಿತ್ತು. ಜೊಂಗ್ ರಜಾಯಿಯನ್ನು ಎದೆಗವಚಿಕೊಂಡು, “ಲಿಯಾವ್, ನಾನು ನಾಳೆ ನಾಡಿದ್ದರಲ್ಲಿ ಬರೋನೇ ಇದ್ದೆ ನಿನ್ನ ಹಿಂದೆ, ಅಷ್ಟು ಅವಸರ ಯಾಕೆ” ಎಂದು ತೊದಲಿದ. ಅಜ್ಜಿ ಅವನ ಕೈಯಿಂದ ರಜಾಯಿ ಕಿತ್ತುಕೊಂಡಳು. “ತಂದದ್ದು ತಂದಾಯ್ತು, ವಾಪಸ್ ಒಯ್ಯೋದು ಅಪಶಕುನ” ಎಂದು ಅದರ ಮೇಲೆಯೇ ಕೂತಳು.

ಅಜ್ಜಿ ಬದುಕಿದ್ದಾಳೆಂದು ಜನರಿಗೆ ಖಾತ್ರಿಯಾಗಿ, ಅವರು ಬೈದು, ನಕ್ಕು, ಮತ್ತೆ ಕೂರುವಷ್ಟರಲ್ಲಿ ಹನ್ನೊಂದು ನಿಮಿಷ ಯಾವಾಗಲೋ ಮುಗಿದುಹೋಗಿತ್ತು. ಕೆಮಿಂಗ್ ತೋಳಿನ ಕಪ್ಪು ಪಟ್ಟಿಯ ಪಿನ್ ಬಿಚ್ಚಲು ಹೋಗಿ ಬೆರಳಿಗೆ ಚುಚ್ಚಿಕೊಂಡ. ಅತ್ತ ಕುವಾಂಗ್ ಮೇಸ್ತ್ರಿ ಕೈ ಒರೆಸಿಕೊಂಡು ಬಂದು, “ಹೇಳಿ ಅಜ್ಜಿ, ಯಾರದು ಪಾಸು?” ಎಂದ.

ಅಜ್ಜಿ ಮಗನನ್ನು ನೋಡಿದಳು. ಅವನು ಎಂಟು ವರ್ಷದವನಾದ.

“ನಿನ್ನದು ಬೇಡ ಮರಿ” ಎಂದಳು.

ಅವನು ತಲೆಯಾಡಿಸಿದ. ಧ್ವನಿಪೆಟ್ಟಿಗೆಯಿಂದ ಫೋನ್ ಬಿಚ್ಚಲು ಬಗ್ಗಿದ.

“ಕುವಾಂಗ್ ಊದ್ತಿದ್ರೆ ಯಾರು ನನ್ನ ಬಗ್ಗೆ ಏನಂದ್ರೂ ಒಂದಕ್ಷರ ಕೇಳ್ಸಲ್ಲ. ಸತ್ತೋರಿಗೆ ಅದೇ ಸರಿ. ನೀನು ಹಾಕಿದ್ಯಲ್ಲ, ಅದರಲ್ಲಿ ಎಲ್ಲಾ ಹೊರಗೆ ಬರತ್ತೆ. ಎಲ್ಲರ ಹೊಟ್ಟೇಲಿರೋದೂ.” ಅವಳು ಟೋಪಿಯನ್ನು ಸರಿಮಾಡಿಕೊಂಡಳು. “ಅದನ್ನ ನಾನು ಹೋದ್ಮೇಲೆ ಹಾಕಿದ್ರೆ ಇವರಿಗೆಲ್ಲ ಉತ್ತರ ಕೊಡೋರು ಯಾರೋ? ನಾನಿರೋವಾಗ ಹಾಕು. ಈಗ ಹಾಕು, ಮೊದಲಿಂದ.”

ಅವನು ಫೋನ್ ತೆಗೆದುಕೊಂಡ. ಚೆಲ್ಲೋ ಗುಂಯ್ ಎಂದಿತು, ನಿಂತಿತು. ಅಜ್ಜಿ ಸೆಕೆಗೆ ಕೆಂಪೇರಿದ ಮುಖದಿಂದ, ರೇಷ್ಮೆಯ ತೋಳುಗಳನ್ನು ಕಟ್ಟಿಕೊಂಡು, ಸುತ್ತ ಕೂತವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು.

“ಈಗ ಹೇಳಿ ನೋಡೋಣ.”

ಸಾರಿನಲ್ಲಿ ಮಾಂಸ ಹುಡುಕಿದವನು ತನ್ನ ಬೆರಳುಗಳನ್ನು ನೋಡಿಕೊಂಡ. ಜೊಂಗ್ ಟೀ ಬಟ್ಟಲಿನ ಮುಚ್ಚಳವನ್ನು ಸದ್ದಾಗದಂತೆ ಇಡಲು ಎರಡೂ ಕೈ ಬಳಸಿದ. ಗೆಲ್ಲುವ ಬಿಲ್ಲೆ ಸಿಕ್ಕಿದವನು ಅದನ್ನು ಮೇಜಿಗೆ ಬಡಿಯದೆ ಅಂಗೈಯಲ್ಲಿ ಹಿಡಿದು ಕೂತ. ಗೋಳಿಮರದ ಒಂದು ಎಲೆ ಹೂಚಕ್ರದ ಕಾಗದದ ಮೇಲೆ ಬಿದ್ದದ್ದು ಕೇಳಿಸಿತು. ತಾನು ಬರೆದದ್ದನ್ನು ಬರೆದ ಹಾಗೆಯೇ ಕೆಮಿಂಗ್ ಕೇಳಿದ್ದು ಅದೇ ಮೊದಲು. ಬಹಳ ಹೊತ್ತಾದ ಮೇಲೆ ಅಜ್ಜಿ ಮಗನ ಕಡೆಗೆ ಬಾಗಿ, ಪಿಸುದನಿಯಲ್ಲಿ ಕೇಳಿದಳು.

“ಇನ್ನೂ ಎಷ್ಟಿದೆಯೋ ಈ ಖಾಲಿ?”

“ಸ್ವಲ್ಪ ಇದೆ ಅಮ್ಮ. ಬೇಕಾದ್ರೆ ತೆಗೀತೀನಿ.”

“ಬೇಡ” ಎಂದಳು ಅಜ್ಜಿ. “ಇರ್ಲಿ.”